ವೃತ್ತಪತ್ರಿಕೆಗಳಲ್ಲಿ ಪೂರ್ವಪಕ್ಷ

ವೃತ್ತಪತ್ರಿಕೆಯಲ್ಲಿ ಇರತಕ್ಕ ವಸ್ತುವು ಎರಡು ಬಗೆಯದು. ನಡೆದುದರ ವರದಿ ಒಂದು. ನಡೆದುದನ್ನು ಕುರಿತ ವಿಚಾರ ಇನ್ನೊಂದು. ಮೊದಲನೆಯದನ್ನು ಸಂತೆಗೆ ಹೋಗಿಬಂದವನ ಬಾಯಿಂದಲೂ ತಿಳಿಯಬಹುದು. ಎರಡನೆಯದಕ್ಕೆ ಪತ್ರಿಕೆಯೇ ಬೇಕಾಗಿತ್ತು. ಓದು ಬಲ್ಲವನೊಬ್ಬನು ಅಗ್ರಲೇಖನವನ್ನು ಗಟ್ಟಿಯಾಗಿ ಓದುವುದು, ಉಳಿದವರು ಜಗಲಿಯ ಮೇಲೆ ಕುಳಿತು ಕೇಳುವುದು, ಓದು ಮುಗಿಯುವುದಕ್ಕೆ ಮೊದಲೇ ಯಾರೋ ಒಬ್ಬರು ಅದು ಹಾಗಲ್ಲವೆಂದು ತಡೆಯುವುದು, ಇದು ನಮ್ಮ ಊರುಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಈಗ ಆ ಪುಟವನ್ನು ಮಗುಚಿ ಮುಂದಿನದಕ್ಕೆ ಹೋಗುವವರೇ ಹೆಚ್ಚು. ಲೇಖಕನ ಹೆಸರನ್ನೂ ತಲೆಬರಹವನ್ನೂ ನೋಡಿದರೆ ಒಳಗಿರುವುದೆಲ್ಲ ತಿಳಿದುಹೋಗುತ್ತದೆ, ಓದುವ ಶ್ರಮವೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯು ಉಪೇಕ್ಷಿಸತಕ್ಕುದಲ್ಲ. ಓದುವುದಕ್ಕೆ ಮೊದಲೇ ತಿಳಿದುಹೋಗುವ ಬರಹದಲ್ಲಿ ವಿಚಾರಕ್ಕೆ ಎಡೆಯಿರುವುದೆಂತು?

ಹೀಗಾದುದಕ್ಕೆ ಭಾಷೆ ಕೆಟ್ಟಿತೆಂದು ಕೆಲವರು ಕಾರಣ ಹೇಳುತ್ತಾರೆ. ಪಕ್ಷಪಾತ ಹೆಚ್ಚಿತೆಂದು ಕೆಲವರು. ಎರಡೂ ನಿಜವಿರಬಹುದು. ಆದರೆ ಹಿಂದಿನ ಸಂಪಾದಕರೇನು ಪಕ್ಷವಿಲ್ಲದವರಾಗಿದ್ದರೆ? ಅವರಲ್ಲಿ ಅನೇಕರು ಒಂದು ಪಕ್ಷವನ್ನು ಸ್ಥಾಪಿಸುವುದಕ್ಕೆಂದೇ ಪತ್ರಿಕೆಯನ್ನು ಹೊರಡಿಸಿದವರು. ಅವರ ಭಾಷೆಯೂ ಸದಾ ಸೌಮ್ಯವಾಗಿದ್ದುದಲ್ಲ. ಈಗ ಅಚ್ಚಿಗೆ ಕೊಡಲು ಹಿಂಜರಿಯಬೇಕಾದಷ್ಟು ಕಟುವಾಗಿದ್ದ ಸಂದರ್ಭಗಳೂ ಉಂಟು. ಆದುದರಿಂದ ನಷ್ಟವಾದ ವಸ್ತುವನ್ನು ಬೇರೆ ಕಡೆಯಲ್ಲಿ ಹುಡುಕಬೇಕಾಗಿದೆ. ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಆ ವಸ್ತುವು ಪೂರ್ವಪಕ್ಷವೆಂದು ಕಾಣುತ್ತದೆ: ಎಂದರೆ, ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ಅದನ್ನು ಖಂಡಿಸುವ ಕ್ರಮ.

ಈ ಕ್ರಮದ ಬೆಲೆಯನ್ನು ನಮ್ಮ ನೈಯಾಯಿಕರು ಚೆನ್ನಾಗಿ ಅರಿತಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯು ಮೂರು ವಿಧವಾಗಿದೆ. ತತ್ತ್ವವನ್ನು ತಿಳಿಯಬೇಕೆಂದು ಇಬ್ಬರು ಪ್ರಮಾಣ ತರ್ಕಗಳಿಂದ ಮಾತನಾಡಿದರೆ ಅದು ವಾದ. ಗೆಲ್ಲಬೇಕೆಂದು, ಛಲ ಮೊದಲಾದ ಉಪಾಯಗಳನ್ನೂ ಬಿಡದೆ ಮಾತನಾಡಿದರೆ ಅದು ಜಲ್ಪ. ತನ್ನದೆಂಬ ಪಕ್ಷವನ್ನೇ ಮುಂದಿಡದೆ ಇನ್ನೊಬ್ಬನದನ್ನು ಕೆಡಹುವುದಷ್ಟೇ ಉದ್ದೇಶವಾದರೆ ಅದು ವಿತಂಡೆ. ಛಲಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟ ಉದಾಹರಣೆಯನ್ನು ಪಾಠಶಾಲೆಯ ಹುಡುಗರೆಲ್ಲರೂ ಬಲ್ಲರು. ಒಬ್ಬನು ನವಕಂಬಳವನ್ನು ಹೊದ್ದಿದ್ದಾನೆಂದು, ಎಂದರೆ ಅವನ ಕಂಬಳಿ ಹೊಸದೆಂದು, ಒಬ್ಬನು ಹೇಳುತ್ತಾನೆ. ಒಡನೆಯೇ ಇನ್ನೊಬ್ಬನು ಎದ್ದು, ಅವನ ಹತ್ತಿರ ಇರುವುದು ಒಂದೇ ಕಂಬಳಿ, ಒಂಬತ್ತೆಲ್ಲಿವೆ ಎಂದು ಗದ್ದಲಮಾಡುತ್ತಾನೆ. ಹೇಳಿದವನು ಹೊಸದೆಂದದ್ದು, ಕೇಳಿದವನು ಒಂಬತ್ತೆಂದು ಮಾಡಿಕೊಂಡದ್ದು. ಈಗಿನ ಅಂಕಣಗಳನ್ನು ಕ್ರಮವಾಗಿ ಓದುವವರಿಗೆ ಈ ಕಂಬಳಿಯ ಪರಿಚಯ ಹೊಸದಾಗಿರಲಾರದು.

ವಾದದಲ್ಲಿ ಸೋಲಿಗೆ ಕಾರಣವಾಗುವ ಸ್ಥಾನಗಳನ್ನು ಗೌತಮನು ಇಪ್ಪತ್ತೆರಡೆಂದು ಎಣಿಸಿದ್ದಾನೆ. ಅವುಗಳಿಗೆ ನಿಗ್ರಹಸ್ಥಾನಗಳೆಂದು ಹೆಸರು. ಅವುಗಳಲ್ಲಿ ಒಂದು ಅನನುಭಾಷಣ. ಪ್ರತಿವಾದಿಯು ಮೂರು ಸಾರಿ ಹೇಳಿದುದನ್ನು, ಸಭೆಗೆ ಅರ್ಥವಾದುದನ್ನು, ಇವನು ತನ್ನ ಬಾಯಿಂದ ಮರಳಿ ಹೇಳಲಾರದೆ ಹೋದರೆ ಅಷ್ಟರಿಂದಲೇ ಇವನು ಸೋತಂತೆ. ಉತ್ತರ ಕೊಟ್ಟನೋ ಇಲ್ಲವೋ ಎಂಬುದು ಆಮೇಲಿನ ಮಾತು; ಏನನ್ನು ಖಂಡಿಸುತ್ತಿದ್ದೇನೆಂದು ಹೇಳಲಾರದವನಿಗೆ ಖಂಡಿಸುವ ಅಧಿಕಾರವೇ ಇಲ್ಲವೆಂಬುದು ಇದರ ತಾತ್ಪರ್ಯ. ಈ ಒಂದು ಸೂತ್ರವನ್ನು ಅಳತೆಗೋಲಾಗಿ ಹಿಡಿದುಕೊಂಡು ನಮ್ಮ ದೇಶದ ಪತ್ರಿಕೆಗಳ ಚರಿತ್ರೆಯನ್ನು ನೋಡಬಹುದು.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಜುಲೈ ೧ರಂದು ಹೊರಟಿತು. ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗರು ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಗಳಿಗೊಮ್ಮೆ ಹೊರಡಿಸುತ್ತಿದ್ದರು. ೧೮೪೪ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅದರಲ್ಲಿ ವರ್ತಮಾನವುಂಟು, ಸರಕಾರದ ನಿರೂಪಗಳುಂಟು, ಕಥೆಗಳುಂಟು. ಈಗಿನ ಅರ್ಥದ ಅಭಿಪ್ರಾಯಲೇಖನಕ್ಕೆ ಆಗ ಕಾಲ ಬಂದಿರಲಿಲ್ಲ. ವಿಚಾರಕ್ಕಾಗಿಯೇ ಪತ್ರಿಕೆ ಹುಟ್ಟುವುದನ್ನು ಕಾಣಬೇಕಾದರೆ ಇನ್ನು ಮೂವತ್ತೈದು ವರುಷ ಮುಂದಕ್ಕೆ, ೧೮೭೮ಕ್ಕೆ ಬರಬೇಕು.

ಆ ವರುಷ ಎರಡು ಸಂಗತಿಗಳು ನಡೆದುವು. ಮಾರ್ಚಿ ತಿಂಗಳಲ್ಲಿ ಲಾರ್ಡ್ ಲಿಟ್ಟನ್ನನ ಸರಕಾರವು ದೇಶಭಾಷಾಪತ್ರಿಕೆಗಳ ಕಾಯಿದೆಯನ್ನು ಮಾಡಿ, ದೇಶಭಾಷೆಯ ಪತ್ರಿಕೆಗಳಿಂದ ಮಾತ್ರ ಜಾಮೀನು ಕೇಳುವ ಅಧಿಕಾರವನ್ನು ತೆಗೆದುಕೊಂಡಿತು. ಇಂಗ್ಲಿಷ್ ಪತ್ರಿಕೆಗಳಿಗೆ ಆ ಬಾಧೆಯಿರಲಿಲ್ಲ. ಕಲ್ಕತ್ತೆಯ ‘ಅಮೃತ ಬಜಾರ್ ಪತ್ರಿಕೆ’ಯು ಬಂಗಾಳಿಯನ್ನು ಬಿಟ್ಟು ಇಂಗ್ಲಿಷಿನಲ್ಲಿ ಹೊರಟು ಆ ಕಾಯಿದೆಯಿಂದ ಪಾರಾದುದು ಪ್ರಸಿದ್ಧವಾಗಿದೆ. ರಿಪ್ಪನ್ನನ ಕಾಲದಲ್ಲಿ, ೧೮೮೨ರಲ್ಲಿ, ಆ ಕಾಯಿದೆ ರದ್ದಾಯಿತು. ಎರಡನೆಯ ಸಂಗತಿ ಮದರಾಸಿನದು. ಟಿ. ಮುತ್ತುಸ್ವಾಮಿ ಅಯ್ಯರವರನ್ನು ಅಲ್ಲಿಯ ಹೈಕೋರ್ಟಿನ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ಆಂಗ್ಲರ ಪತ್ರಿಕೆಗಳು ಭಾರತೀಯನೊಬ್ಬನಿಗೆ ಆ ಪದವಿ ಸಲ್ಲದೆಂದು ಬರೆದುವು. ಆ ಮಾತಿಗೆ ಉತ್ತರ ಹೇಳುವುದಕ್ಕೆ ಸ್ವಂತ ಪತ್ರಿಕೆ ಇರಲಿಲ್ಲ. ಆಗ ಜಿ. ಸುಬ್ರಹ್ಮಣ್ಯ ಅಯ್ಯರ್, ಎಂ. ವೀರರಾಘವಾಚಾರ್ಯ ಎಂಬ ಇಬ್ಬರು ತರುಣ ಉಪಾಧ್ಯಾಯರೂ ನಾಲ್ವರು ಕಾನೂನು ವಿದ್ಯಾರ್ಥಿಗಳೂ ಸೇರಿ, ಒಂದು ರೂಪಾಯಿ ಹನ್ನೆರಡು ಆಣೆ ಸಾಲ ತಂದು, ಸೆಪ್ಟೆಂಬರ್ ೨೦ರಂದು ‘ಹಿಂದೂ’ ವಾರಪತ್ರಿಕೆಯ ಎಂಬತ್ತು ಪ್ರತಿಗಳನ್ನು ಅಚ್ಚುಹಾಕಿಸಿದರು. ಆ ಪತ್ರಿಕೆಯ ಹುಟ್ಟೇ ಉತ್ತರಪಕ್ಷ. ಪೂರ್ವಪಕ್ಷವು ಊರೆಲ್ಲರ ಕೈಯಲ್ಲಿ ಅಚ್ಚಾಗಿ ಇತ್ತು. ತಿರುಚಿ ಹೇಳುವುದಕ್ಕೆ ಅವಕಾಶವಿರಲಿಲ್ಲ.

ಸುಬ್ರಹ್ಮಣ್ಯ ಅಯ್ಯರವರನ್ನು ಕುರಿತು ಇನ್ನೊಂದು ಮಾತು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ವಿಧವಾವಿವಾಹವು ನ್ಯಾಯವೆಂದು ಬರೆದವರು ಆಗ ಬಹುಮಂದಿ. ಅಯ್ಯರವರು ೧೮೮೯ರಲ್ಲಿ ಬಾಲ್ಯದಲ್ಲೇ ವಿಧವೆಯಾಗಿದ್ದ ತಮ್ಮ ಮಗಳಿಗೆ ಪುನರ್ವಿವಾಹ ಮಾಡಿಸಿದರು. ಅಭಿಪ್ರಾಯವನ್ನು ಬರೆದವನು ಅದರ ಬೆಲೆಯನ್ನು ತನ್ನ ಮನೆಯಲ್ಲೇ ತೆತ್ತಂತಾಯಿತು.

ಈಗ ಪುಣೆಗೆ ಬರಬೇಕು. ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಪ್ರಕರಣವು ಅಲ್ಲಿಯದು. ಕನ್ನಡಿಗರಿಗೂ ಅದು ದೂರದ ಮಾತಲ್ಲ. ಬೆಳಗಾವಿ ಧಾರವಾಡಗಳಲ್ಲಿ ‘ಕೇಸರಿ’ಯು ಮನೆಯ ಪತ್ರಿಕೆಯಂತೆ ಓದಲ್ಪಡುತ್ತಿತ್ತು. ಬಾಲ ಗಂಗಾಧರ ಟಿಳಕರೂ ಗೋಪಾಲ ಗಣೇಶ ಆಗರ್ಕರರೂ ಸಹಪಾಠಿಗಳು. ಇಬ್ಬರೂ ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ ಸೇರಿ, ೧೮೮೦ರಲ್ಲಿ ಶಾಲೆಯನ್ನೂ, ೧೮೮೧ರಲ್ಲಿ ಮರಾಠಿಯ ‘ಕೇಸರಿ’, ಇಂಗ್ಲಿಷಿನ ‘ಮರಾಠಾ’ ಎಂಬ ಪತ್ರಿಕೆಗಳನ್ನೂ ಸ್ಥಾಪಿಸಿದರು. ಕೊಲ್ಲಾಪುರ ಸಂಸ್ಥಾನದ ಕಾರಭಾರಿಯನ್ನು ಕುರಿತು ಬರೆದ ಬರಹಗಳಿಗಾಗಿ ಇಬ್ಬರಿಗೂ ೧೮೮೨ರಲ್ಲಿ ಶಿಕ್ಷೆಯಾಗಿ, ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ ನೂರೊಂದು ದಿವಸ ಜತೆಯಾಗಿ ಇದ್ದರು. ಇಷ್ಟು ಸ್ನೇಹವಿದ್ದವರ ನಡುವೆ ಸಮಾಜಸುಧಾರಣೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬೆಳೆಯಿತು. ಕೇಸರಿಯ ಮೊದಲ ಸಂಪಾದಕರಾಗಿದ್ದ ಆಗರ್ಕರರು ೧೮೮೭ರಲ್ಲಿ ಅದನ್ನು ಬಿಟ್ಟು ಮರುವರುಷ ‘ಸುಧಾರಕ’ವನ್ನು ಹೊರಡಿಸಿದರು. ಅದು ಎರಡು ಭಾಷೆಗಳ ಪತ್ರಿಕೆ. ಇಂಗ್ಲಿಷಿನ ಭಾಗವನ್ನು ಕೆಲವು ಕಾಲ ನೋಡಿಕೊಂಡವರು ಗೋಪಾಲ ಕೃಷ್ಣ ಗೋಖಲೆಯವರು.

ಇಬ್ಬರ ಕಲಹವು ಪರಾಕಾಷ್ಠೆಗೆ ಮುಟ್ಟಿದುದು ೧೮೯೧ರ ಸಮ್ಮತಿವಯಸ್ಸಿನ ಮಸೂದೆಯಲ್ಲಿ. ಪಾರ್ಸಿ ಪತ್ರಿಕಾಕರ್ತರಾದ ಬೆಹ್ರಾಮ್‌ಜಿ ಮಲಬಾರಿಯವರು ೧೮೮೪ರಿಂದ ಬಾಲ್ಯವಿವಾಹದ ವಿಚಾರವನ್ನು ಸರಕಾರದ ಮುಂದೆ ಎತ್ತಿದ್ದರು. ೧೮೯೦ರಲ್ಲಿ ಕಲ್ಕತ್ತೆಯಲ್ಲಿ ಬಾಲವಧುವೊಬ್ಬಳು ಮರಣಹೊಂದಿ ದೇಶವೆಲ್ಲ ತಲ್ಲಣಿಸಿತು. ದಂಡಸಂಹಿತೆಯಲ್ಲಿದ್ದ ಹತ್ತು ವರುಷದ ಮಿತಿಯನ್ನು ಹನ್ನೆರಡಕ್ಕೆ ಏರಿಸುವ ಮಸೂದೆಯು ೧೮೯೧ರ ಜನವರಿಯಲ್ಲಿ ಬಂದು ಮಾರ್ಚಿ ೧೯ರಂದು ಕಾಯಿದೆಯಾಯಿತು. ಎರಡು ವರುಷದ ಅಂತರವೆಂದು ಈಗಿನವರಿಗೆ ಅಲ್ಪವಾಗಿ ಕಾಣಬಹುದು. ಮನೆಮನೆಯಲ್ಲೂ ಹೆಣ್ಣುಮಕ್ಕಳ ಪ್ರಾಣದ ಪ್ರಶ್ನೆಯಾಗಿದ್ದ ಅದನ್ನು ಅಂದಿನವರು ಅಲ್ಪವೆಂದು ಎಣಿಸಲಿಲ್ಲ.

ಟಿಳಕರು ಈ ಮಸೂದೆಯನ್ನು ವಿರೋಧಿಸಿದರು. ಅವರು ಬಾಲ್ಯವಿವಾಹವನ್ನು ಹೊಗಳಿದರೆಂದು ಈಗ ಹೇಳುವವರುಂಟು, ಅದು ಸರಿಯಲ್ಲ. ಪರಕೀಯ ಸರಕಾರವು ಧರ್ಮಸಂಸ್ಕಾರಗಳಲ್ಲಿ ಕೈಯಿಡಬಾರದೆಂಬುದು ಅವರ ಮುಖ್ಯಪಕ್ಷ. ಸುಧಾರಣೆ ಬೇಕೆನ್ನುವವರು ಮೊದಲು ತಾವೇ ಪ್ರತಿಜ್ಞೆ ಮಾಡಲಿ, ಹೆಣ್ಣಿಗೆ ಹದಿನಾರು, ಗಂಡಿಗೆ ಇಪ್ಪತ್ತು ವರುಷವಾಗುವುದಕ್ಕೆ ಮೊದಲು ಮದುವೆ ಮಾಡದಿರಲಿ ಎಂದು ೧೮೯೦ರಲ್ಲಿ ಅವರೇ ಸೂಚಿಸಿದ್ದರು. ಕಾಯಿದೆಯು ಕೇಳಿದ ವಯಸ್ಸಿಗಿಂತ ಇವರು ಹೇಳಿದುದು ಹೆಚ್ಚೇ! ಇದಕ್ಕೆ ಆಗರ್ಕರರ ಉತ್ತರವೂ ಅಷ್ಟೇ ಸ್ಪಷ್ಟವಾಗಿತ್ತು. ಜನರು ತಾವಾಗಿ ಬಿಡುವವರೆಗೆ ಕಾಯುವುದಾದರೆ ಆ ನಡುವೆ ಸಾಯುವ ಮಕ್ಕಳಿಗೆ ಯಾರು ಹೊಣೆ ಎಂಬುದು ಅವರ ತರ್ಕದ ಸಾರ. ಯಾವ ಸರಕಾರವೇ ಆಗಲಿ, ದುರ್ಬಲರನ್ನು ಕಾಪಾಡುವ ಕಾಯಿದೆಯನ್ನು ಮಾಡಿದರೆ ಅದನ್ನು ಬೇಡವೆನ್ನುವುದು ಸ್ವಾತಂತ್ರ್ಯಪ್ರೀತಿಯಲ್ಲವೆಂದು ಅವರು ತಿಳಿದಿದ್ದರು.

ಈ ವಾಗ್ವಾದದಲ್ಲಿ ಶಾಸ್ತ್ರಾರ್ಥವು ಹೇಗೆ ಬಂತೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಗರ್ಭಾಧಾನಸಂಸ್ಕಾರಕ್ಕೆ ಸ್ಮೃತಿಗಳು ಕಾಲವನ್ನು ನಿಯಮಿಸಿವೆಯೆ, ಅದನ್ನು ಮೀರಿದರೆ ಪ್ರತ್ಯವಾಯವುಂಟೆ ಎಂಬುದು ಪ್ರಶ್ನೆ. ರಾಮಕೃಷ್ಣ ಗೋಪಾಲ ಭಾಂಡಾರ್ಕರರು ಧರ್ಮಶಾಸ್ತ್ರಗ್ರಂಥಗಳನ್ನು ಶೋಧಿಸಿ, ವಿಳಂಬಕ್ಕೆ ಅವಕಾಶವುಂಟೆಂದು ೧೮೯೧ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ಟಿಳಕರು ಅದನ್ನು ಎದುರಿಸಿ, ಭಾಂಡಾರ್ಕರರು ವಚನಗಳಿಗೆ ಮಾಡಿದ ಅರ್ಥವನ್ನು ಆಕ್ಷೇಪಿಸಿದರು. ವಾರಪತ್ರಿಕೆಯ ಪುಟಗಳಲ್ಲಿ ವಿಧಿ ಯಾವುದು, ಅನುಜ್ಞೆ ಯಾವುದು ಎಂಬ ಮೀಮಾಂಸೆ ನಡೆಯಿತು! ಅದನ್ನು ಓದುತ್ತಿದ್ದವರಲ್ಲಿ ಶಾಸ್ತ್ರಿಗಳೂ ಇದ್ದರು, ಗುಮಾಸ್ತರೂ ಅಂಗಡಿಯವರೂ ಇದ್ದರು. ಭಾಂಡಾರ್ಕರರು ಹೇಳದಿದ್ದುದನ್ನು ಹೇಳಿದರೆಂದು ಟಿಳಕರು ಬರೆಯುವಂತಿರಲಿಲ್ಲ. ಟಿಳಕರ ಮಾತನ್ನು ಆಗರ್ಕರರು ತಿರುಚುವಂತಿರಲಿಲ್ಲ. ಏಕೆಂದರೆ ಇಬ್ಬರ ಪತ್ರಿಕೆಯನ್ನೂ ಅದೇ ಊರಿನವರು ಅದೇ ವಾರದಲ್ಲಿ ಓದುತ್ತಿದ್ದರು. ಗೌತಮನು ಹೇಳಿದ ಸಭೆಯು ಅಲ್ಲಿ ಪ್ರತ್ಯಕ್ಷವಾಗಿ ಇತ್ತು. ಅನುಭಾಷಣವು ಸಂಪಾದಕರ ಸೌಜನ್ಯದಿಂದ ಬಂದುದೆನ್ನುವುದಕ್ಕಿಂತ ಆ ಸಭೆಯ ಭಯದಿಂದ ಬಂದುದೆನ್ನುವುದು ಹೆಚ್ಚು ಸರಿ.

ಹಾಗೆಂದು ಆ ಕಾಲವನ್ನು ಸತ್ಯಯುಗವೆಂದು ವರ್ಣಿಸಲಾಗದು. ಆಗರ್ಕರರು ಬದುಕಿದ್ದಾಗಲೇ ಪುಣೆಯ ಕರ್ಮಠರು ಅವರ ಪ್ರತಿಕೃತಿಯ ಶವಯಾತ್ರೆಯನ್ನು ಅವರ ಕಣ್ಣೆದುರಿಗೇ ಹೊರಡಿಸಿದರು. ರೋಗದಿಂದಲೂ ಬಡತನದಿಂದಲೂ ಬಳಲಿ ಅವರು ೧೮೯೫ರಲ್ಲಿ, ನಾಲ್ವತ್ತು ತುಂಬುವುದಕ್ಕೆ ಮೊದಲೇ, ತೀರಿಕೊಂಡರು. ಗದ್ಯದ ಬಲದಲ್ಲಿ ಟಿಳಕರು ದೊಡ್ಡವರೆಂದು ಹೇಳಬಹುದು. ಆ ಮಸೂದೆಯ ವಿಷಯದಲ್ಲಿ ನ್ಯಾಯವು ಆಗರ್ಕರರ ಕಡೆಗೆ ಇತ್ತೆಂಬುದರಲ್ಲಿ ಸಂದೇಹವಿಲ್ಲ. ಮೈಸೂರು ಸಂಸ್ಥಾನವು ೧೮೯೪ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಬಾಲ್ಯವಿವಾಹನಿರೋಧದ ರೆಗ್ಯುಲೇಷನ್ನನ್ನು ಮಾಡಿತು. ಎಂಟು ವರುಷಕ್ಕೆ ಒಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕೆ ಒಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಅಲ್ಲಿ ಶಾಸನವನ್ನು ಮಾಡಿದವರು ನಾಡಿನ ಅರಸರೇ ಆದುದರಿಂದ ಟಿಳಕರ ಮುಖ್ಯವಾದ ಆಕ್ಷೇಪಕ್ಕೆ ಎಡೆಯಿರಲಿಲ್ಲ.

ಮುಂದಿನ ಕೆಲವು ವರುಷಗಳಲ್ಲಿ ಅಭಿಪ್ರಾಯವನ್ನು ಬರೆಯುವುದು ಸೆರೆಮನೆಯ ದಾರಿಯಾಯಿತು. ಟಿಳಕರಿಗೆ ೧೮೯೭ರಲ್ಲಿ ಹದಿನೆಂಟು ತಿಂಗಳ ಶಿಕ್ಷೆ. ೧೯೦೮ರಲ್ಲಿ ಕೇಸರಿಯ ಲೇಖನಗಳಿಗಾಗಿಯೇ ಮತ್ತೆ ರಾಜದ್ರೋಹದ ಮೊಕದ್ದಮೆ. ಒಂಬತ್ತು ಮಂದಿ ಜೂರಿಗಳಲ್ಲಿ ಏಳು ಮಂದಿ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಜುಲೈ ೨೨ರಂದು ಆರು ವರುಷದ ಶಿಕ್ಷೆಯಾಗಿ ಅವರು ಮಂಡಾಲೆಗೆ ಹೋದರು. ಗೀತಾರಹಸ್ಯವು ಅಲ್ಲಿ ಹುಟ್ಟಿದುದು. ಅದನ್ನು ಆಲೂರ ವೆಂಕಟರಾಯರು ಕನ್ನಡಿಸಿದರು. ಅದೇ ೧೯೦೮ರಲ್ಲಿ ಮೈಸೂರಿನಲ್ಲಿಯೂ, ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ, ವೃತ್ತಪತ್ರಿಕೆಗಳ ರೆಗ್ಯುಲೇಷನ್ ಬಂದು ಪತ್ರಿಕೆಗಳ ಕತ್ತು ಹಿಸುಕಿತು. ೧೮೮೫ರಲ್ಲಿ ‘ವೃತ್ತಾಂತ ಚಿಂತಾಮಣಿ’ಯನ್ನು ಆರಂಭಿಸಿದ, ಜನರು ತಾತಯ್ಯನವರೆಂದು ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂಥವರಿಗೂ ಅದು ಕಷ್ಟಕಾಲವಾಯಿತು. ಬೆಲೆ ತೆರಬೇಕಾಗಿದ್ದವನು ಹಗುರವಾಗಿ ಬರೆಯುವುದಿಲ್ಲ. ಇದು ಶಿಕ್ಷೆಯನ್ನು ಸಮರ್ಥಿಸುವ ಮಾತಲ್ಲ. ಆ ಶಾಸನಗಳು ಅನ್ಯಾಯವೇ ಸರಿ.

ಈ ಪರಂಪರೆಯಲ್ಲಿ ಕನ್ನಡನಾಡಿಗೆ ಹತ್ತಿರದ ಕೊಂಡಿಯೆಂದರೆ ಡಿ. ವಿ. ಗುಂಡಪ್ಪನವರು. ಸುಧಾರಕದಲ್ಲಿ ಕೈಪಳಗಿಸಿಕೊಂಡ ಗೋಖಲೆಯವರನ್ನು ಅವರು ಸಾರ್ವಜನಿಕ ಜೀವನಕ್ಕೆ ಆದರ್ಶವೆಂದು ಎಣಿಸಿದ್ದರು. ೧೯೪೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಗೆ ಗೋಖಲೆಯವರ ಹೆಸರನ್ನೇ ಇಟ್ಟರು. ಅವರು ತರುಣರಾಗಿದ್ದಾಗ ಇಂಗ್ಲಿಷಿನಲ್ಲಿ ನಡಸಿದ ‘ಕರ್ಣಾಟಕ’ ಪತ್ರಿಕೆಯಲ್ಲಿ ದಿವಾನರ ಆಡಳಿತವನ್ನು ಪ್ರಶ್ನಿಸುವುದು ಸಾಮಾನ್ಯವಾಗಿತ್ತು. ೧೯೨೮ರಲ್ಲಿ ಬಾಗಿಲುಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪತ್ರಿಕೆಯ ಕರ್ತವ್ಯವನ್ನು ಕುರಿತು ಕನ್ನಡದಲ್ಲಿ ಗ್ರಂಥರೂಪವಾಗಿ ಬರೆದವರಲ್ಲಿ ಅವರು ಮೊದಲಿಗರ ಸಾಲಿನವರು.

ಪೂರ್ವಪಕ್ಷಕ್ಕೆ ಸಂದ ಅತ್ಯುತ್ತಮವಾದ ಗೌರವವನ್ನು ಮಾತ್ರ ಇನ್ನೆರಡು ಪ್ರಕರಣಗಳಲ್ಲಿ ನೋಡಬೇಕು. ೧೯೨೧ರಲ್ಲಿ ಅಸಹಕಾರದ ಉತ್ಸಾಹವು ಉಕ್ಕುತ್ತಿದ್ದಾಗ ರವೀಂದ್ರನಾಥ ಠಾಕೂರರು ಚರಕವನ್ನೂ ವಿದೇಶೀಬಟ್ಟೆಯ ದಹನವನ್ನೂ ಪ್ರಶ್ನಿಸಿದರು. ಅವರ ಲೇಖನವು ‘ಮಾಡರ್ನ್ ರಿವ್ಯೂ’ ಪತ್ರಿಕೆಯ ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಅದೇ ತಿಂಗಳು ೧೩ರಂದು ಗಾಂಧಿಯವರು ‘ಯಂಗ್ ಇಂಡಿಯ’ದಲ್ಲಿ ಉತ್ತರ ಬರೆದರು. ಅದರ ತಲೆಬರಹದಲ್ಲೇ ಠಾಕೂರರನ್ನು ದೇಶದ ಮಹಾ ಕಾವಲುಗಾರರೆಂದು ಕರೆದರು: ಎಚ್ಚರಿಸುವವನ ಎಚ್ಚರಿಕೆಯನ್ನು ಮೊದಲು ಒಪ್ಪಿ, ಆಮೇಲೆ ಹಸಿದವನಿಗೆ ಕೆಲಸ ಬೇಕೆಂಬ ತಮ್ಮ ವಾದವನ್ನು ಹೂಡಿದರು. ದೇಶವೆಲ್ಲ ತಮ್ಮ ಬೆನ್ನಿಗಿದ್ದಾಗ ಬರೆದುದು ಅದು. ಆಗ ಕವಿಯನ್ನು ದೇಶದ್ರೋಹಿಯೆಂದು ಒಂದು ಮಾತಿನಲ್ಲಿ ತಳ್ಳಿಹಾಕಿದ್ದರೆ ಕೇಳುವವರು ಯಾರಿದ್ದರು?

ಇನ್ನೊಂದು ೧೯೩೬ರದು. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲವು ತನ್ನ ಸಮ್ಮೇಳನಕ್ಕೆ ಡಾಕ್ಟರ್ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದು, ಭಾಷಣದ ಪ್ರತಿಯನ್ನು ಓದಿ ಬೆದರಿ, ಕೆಲವು ಭಾಗಗಳನ್ನು ಬಿಡಬೇಕೆಂದು ಕೇಳಿತು. ಅವರು ಬಿಡಲಿಲ್ಲ, ಸಮ್ಮೇಳನವೇ ನಿಂತುಹೋಯಿತು. ಆ ಭಾಷಣವನ್ನು ಅವರು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದರು. ಸಾವಿರದೈನೂರು ಪ್ರತಿಗಳು ಎರಡು ತಿಂಗಳಲ್ಲಿ ತೀರಿದುವು. ಗಾಂಧಿಯವರು ಜುಲೈ ತಿಂಗಳ ‘ಹರಿಜನ’ದಲ್ಲಿ ಅದನ್ನು ವಿಮರ್ಶಿಸಿದರು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ಯಾವ ಸುಧಾರಕನೂ ಅದನ್ನು ಉಪೇಕ್ಷಿಸಲಾರನೆಂದು ಹೇಳಿ, ಎಂಟಾಣೆ ಬೆಲೆ ಹೆಚ್ಚಾಯಿತು, ಎರಡಾಣೆಗೆ, ಕಡೆಗೆ ನಾಲ್ಕಾಣೆಗಾದರೂ ಇಳಿಸಿದರೆ ಒಳ್ಳೆಯದೆಂದು ಸಲಹೆ ಕೊಟ್ಟರು. ತಾವು ಖಂಡಿಸುವ ಪುಸ್ತಕವು ಹೆಚ್ಚು ಜನರಿಗೆ ಸಿಕ್ಕಬೇಕೆಂದು ಬಯಸುವ ವಿಮರ್ಶಕರು ಎಷ್ಟು ಮಂದಿ? ಅಂಬೇಡ್ಕರರೂ ಹಿಂದೆ ಬೀಳಲಿಲ್ಲ. ೧೯೩೭ರ ಎರಡನೆಯ ಮುದ್ರಣದಲ್ಲಿ ಗಾಂಧಿಯವರ ಲೇಖನಗಳನ್ನು ಸೇರಿಸಿ, ಅವುಗಳಿಗೆ ತಮ್ಮ ಉತ್ತರವನ್ನು ಬರೆದರು. ಆ ಉತ್ತರದಲ್ಲಿ ಮೃದುತ್ವವೇನೂ ಇಲ್ಲ. ಓದುವವನ ಕೈಯಲ್ಲಿ ಎರಡೂ ಪಕ್ಷಗಳು ಇದ್ದುವು. ಮಾತಿನ ಉಗ್ರತೆಯಿಂದ ಅವನಿಗೆ ಯಾವ ನಷ್ಟವೂ ಆಗಲಿಲ್ಲ. ಉಗ್ರವಾದ ಭಾಷೆಯೇ ಈಗಿನ ರೋಗವೆನ್ನುವವರು ಇದನ್ನು ನೋಡಬೇಕು.

ಹೀಗೆ ಹಿಂದಿನವರನ್ನು ಹೊಗಳುವಾಗ ಇದಕ್ಕೆ ವಿರೋಧವಾಗಿ ಹೇಳಬಹುದಾದುದನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಕಾಲದ ಪತ್ರಿಕೆಗಳ ಬಾಗಿಲು ಎಷ್ಟು ಜನರಿಗೆ ತೆರೆದಿತ್ತೆಂದು ಕೇಳುವವರಿದ್ದಾರೆ. ಕೇಳುವುದು ಸರಿಯಾಗಿಯೇ ಇದೆ. ಪುಣೆಯಲ್ಲಿ ಹೆಣ್ಣುಮಕ್ಕಳ ವಯಸ್ಸನ್ನು ಕುರಿತು ಮೀಮಾಂಸೆ ನಡಸಿದವರೆಲ್ಲರೂ ಗಂಡಸರು, ಬಹುಮಟ್ಟಿಗೆ ಒಂದೇ ಜಾತಿಯವರು. ಬಾಲ್ಯದಲ್ಲಿ ತನಗೆ ಮಾಡಿದ ಮದುವೆಗೆ ಕಟ್ಟುಬೀಳಲ್ಲೊಲ್ಲೆನೆಂದು ನ್ಯಾಯಾಲಯದಲ್ಲಿ ನಿಂತ ರುಖ್ಮಾಬಾಯಿಯು ೧೮೮೫ರಲ್ಲಿ ‘ಟೈಮ್ಸ್ ಆಫ್ ಇಂಡಿಯ’ಕ್ಕೆ ಪತ್ರ ಬರೆದಾಗ ಹಿಂದೂ ಮಹಿಳೆಯೊಬ್ಬಳೆಂದು ಮಾತ್ರ ಸಹಿಹಾಕಬೇಕಾಯಿತು. ಅಂಬೇಡ್ಕರರು ೧೯೨೦ನೆಯ ಜನವರಿಯಲ್ಲಿ ‘ಮೂಕನಾಯಕ’ವನ್ನು ಹೊರಡಿಸಿದಾಗ, ಹಣ ಕೊಡುತ್ತೇವೆಂದರೂ ಅದರ ಜಾಹಿರಾತನ್ನು ಕೇಸರಿಯು ಅಚ್ಚುಹಾಕಲಿಲ್ಲ. ಪತ್ರಿಕೆಯ ಹೆಸರೇ ಆ ಸ್ಥಿತಿಯನ್ನು ಹೇಳುತ್ತದೆ. ಈಗಲಾದರೋ ಸ್ತ್ರೀಯರೂ ದಲಿತರೂ ಬೇಸಾಯಗಾರರ ಮಕ್ಕಳೂ ಅಂಕಣಗಳನ್ನು ಬರೆಯುತ್ತಿದ್ದಾರೆ. ಹಿಂದೆ ಯಾರ ವಿಷಯವಾಗಿ ಬರೆಯುತ್ತಿದ್ದರೋ ಅವರೇ ಲೇಖನಿ ಹಿಡಿದಿರುವುದು ನಿಸ್ಸಂಶಯವಾದ ಅಭ್ಯುದಯ. ಬಾಗಿಲು ದೊಡ್ಡದಾಯಿತೆಂಬುದನ್ನು ಒಪ್ಪಲೇಬೇಕು. ಆದರೆ ಒಳಗೆ ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿ ಮಾತನಾಡುವ ಸಭೆಯು ಅದರೊಡನೆ ಬೆಳೆಯಲಿಲ್ಲ. ಎಷ್ಟೋ ಕಾಲ ಕಾದು ಒಳಗೆ ಬಂದವರಿಗೆ ಇದರಿಂದ ಆಗಿರುವ ಅನ್ಯಾಯವೇ ಹೆಚ್ಚು. ಅವರ ಮಾತಿಗೆ ಉತ್ತರ ಬರುವುದಿಲ್ಲ, ಬೈಗುಳು ಬರುತ್ತದೆ, ಇಲ್ಲವೆ ಮೌನ.

ಸಭೆಯು ಯಾವಾಗ ಚೆದರಿತೆಂದು ಒಂದು ವರುಷವನ್ನು ತೋರಿಸುವುದು ಕಷ್ಟ. ೧೯೭೫ನೆಯ ಜೂನಿನಲ್ಲಿ ತುರ್ತುಪರಿಸ್ಥಿತಿಯ ಘೋಷಣೆಯಾಗಿ ಸೆನ್ಸಾರು ಬಂದಾಗ, ಆ ತಿಂಗಳು ೨೮ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯು ಅಗ್ರಲೇಖನದ ಜಾಗವನ್ನು ಬರಿದಾಗಿ ಬಿಟ್ಟು ಹೊರಬಂತು. ಬರೆಯದಿದ್ದುದನ್ನು ಜನರು ಓದಿ ಅರ್ಥಮಾಡಿಕೊಂಡರು. ಆ ಜಾಗಕ್ಕೆ ಅಷ್ಟು ಗೌರವ ಆಗಲೂ ಉಳಿದಿತ್ತೆಂದು ಇದರಿಂದ ತಿಳಿಯಬಹುದು. ಆದುದರಿಂದ ಅವನತಿಯು ಅದರ ಮೇಲಿನದೆಂದು ಊಹಿಸಬೇಕಾಗುತ್ತದೆ.

ಕಾರಣಗಳಲ್ಲಿ ಮೊದಲನೆಯದು ಹಣ. ಗಾಂಧಿಯವರು ತಮ್ಮ ವಾರಪತ್ರಿಕೆಗಳಲ್ಲಿ ಜಾಹಿರಾತನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಓದುಗನ ಚಂದಾ ಪತ್ರಿಕೆಯನ್ನು ನಡಸಬೇಕೆಂಬುದು ಅವರ ನಿಯಮ. ಈಗ ಕಾಗದದ ಬೆಲೆಗೂ ಸಾಲದ ಕ್ರಯಕ್ಕೆ ಪತ್ರಿಕೆಯನ್ನು ಕೊಟ್ಟು, ಉಳಿದುದನ್ನು ಜಾಹಿರಾತಿನಿಂದ ತುಂಬಿಕೊಳ್ಳುವುದು ಪದ್ಧತಿಯಾಗಿದೆ. ೨೦೦೯ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಅವರ ಪ್ರಶಂಸೆಯನ್ನು ವರದಿಯ ವೇಷದಲ್ಲಿ ಅಚ್ಚುಹಾಕಿದರೆಂಬ ದೂರು ಬಂದಾಗ, ಪ್ರೆಸ್ ಕೌನ್ಸಿಲು ಇಬ್ಬರು ಸದಸ್ಯರ ಉಪಸಮಿತಿಯಿಂದ ವಿಚಾರಣೆ ನಡಸಿ, ಅವರ ವಿಸ್ತಾರವಾದ ವರದಿಯನ್ನು ಬದಿಗಿಟ್ಟು ೨೦೧೦ರಲ್ಲಿ ಸಂಕ್ಷೇಪವನ್ನು ಪ್ರಕಟಿಸಿತು. ಪತ್ರಿಕೆಗಳ ಮರ್ಯಾದೆಯನ್ನು ಕಾಯಬೇಕಾದ ಸಂಸ್ಥೆಯೇ ಪೂರ್ವಪಕ್ಷವನ್ನು ಕತ್ತರಿಸಿದಂತಾಯಿತು. ವರದಿಯನ್ನೇ ಕೊಳ್ಳಬಹುದಾದಲ್ಲಿ ಅಭಿಪ್ರಾಯವನ್ನು ನಂಬುವುದು ಹೇಗೆಂದು ಓದುಗನು ಸಂಶಯಪಟ್ಟರೆ ತಪ್ಪೇನು?

ಎರಡನೆಯ ಕಾರಣವು ಇದಕ್ಕಿಂತ ಸೂಕ್ಷ್ಮ, ಇದಕ್ಕಿಂತ ಬಲವಾದುದು. ಒಂದೇ ಊರಿನವರು ಎರಡು ಪಕ್ಷದ ಪತ್ರಿಕೆಗಳನ್ನೂ ಓದುವ ವಾಡಿಕೆ ತಪ್ಪಿದೆ. ಪ್ರತಿಯೊಂದು ಪಂಗಡಕ್ಕೂ ತನ್ನ ಪತ್ರಿಕೆ, ತನ್ನ ದೂರದರ್ಶನವಾಹಿನಿ, ಕೈಯಲ್ಲಿರುವ ಫೋನಿನಲ್ಲಿ ತನಗೆ ಬೇಕಾದುದನ್ನೇ ತಂದುಕೊಡುವ ಯಂತ್ರ. ಎದುರಾಳಿ ಏನು ಹೇಳಿದನೆಂದು ಅಂಕಣಕಾರನು ಹೇಗೆ ಬರೆದರೂ ಅದನ್ನು ಹೋಲಿಸಿ ನೋಡುವ ಸಭೆಯಿಲ್ಲ. ಹೀಗಿರಲು ನವಕಂಬಳವನ್ನು ಒಂಬತ್ತು ಕಂಬಳಿಯೆಂದರೂ ನಡೆಯುತ್ತದೆ, ತೊಂಬತ್ತೆಂದರೂ ನಡೆಯುತ್ತದೆ. ಜತೆಗೆ ವಾರಕ್ಕೆ ಒಂದು ದಿನ, ಇಷ್ಟೇ ಪದ, ಮೇಲೆ ಲೇಖಕನ ಭಾವಚಿತ್ರ ಎಂಬ ಏರ್ಪಾಟು ಬೇರೆ. ತಿಳಿದುದಿರಲಿ ಇಲ್ಲದಿರಲಿ, ಆ ದಿನಕ್ಕೆ ಒಂದು ಅಭಿಪ್ರಾಯ ಇರಲೇಬೇಕು. ಸಂಧ್ಯಾವಂದನೆಗಾದರೂ ಆಶೌಚದಲ್ಲಿ ವಿನಾಯಿತಿಯುಂಟು. ಅಂಕಣಕ್ಕೆ ಅದೂ ಇಲ್ಲ.

ಜಲ್ಪವಿತಂಡೆಗಳನ್ನು ಗೌತಮನು ಪೂರ್ತಿಯಾಗಿ ನಿಷೇಧಿಸಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೊಳಕೆಯನ್ನು ದನಕರುಗಳಿಂದ ಕಾಪಾಡಲು ಮುಳ್ಳಿನ ಕೊಂಬೆಗಳನ್ನು ಸುತ್ತಲೂ ಹಾಕುವಂತೆ, ನಿಶ್ಚಯಿಸಿದ ತತ್ತ್ವವನ್ನು ಕಾಪಾಡಲು ಅವುಗಳ ಉಪಯೋಗವುಂಟೆಂದು ಅವನು ಒಪ್ಪಿದ್ದಾನೆ. ಸೆರೆಮನೆಯ ಬಾಗಿಲಲ್ಲಿ ನಿಂತು ಬರೆದವರಿಗೆ ಮುಳ್ಳು ಬೇಕಾಗಿತ್ತು. ಈಗ ಅನೇಕ ಅಂಕಣಗಳಲ್ಲಿ ಬೇಲಿಯೇ ಹೊಲವನ್ನೆಲ್ಲ ತುಂಬಿರುವುದರಿಂದ ಒಳಗೆ ಯಾವ ಮೊಳಕೆಯಿತ್ತೆಂದು ಬೇಲಿ ಹಾಕಿದವರಿಗೂ ನೆನಪಿಲ್ಲದಂತಾಗಿದೆ.

ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸುವುದು ಅನ್ಯಾಯ. ನೀರಾವರಿಯ ವಿಷಯದಲ್ಲಿಯೋ ಶಾಲೆಗಳ ಭಾಷೆಯ ವಿಷಯದಲ್ಲಿಯೋ ಎರಡು ಪಕ್ಷಗಳನ್ನೂ ಅಂಕಿಗಳೊಡನೆ ಮುಂದಿಟ್ಟು, ತಮ್ಮ ನಿರ್ಣಯವನ್ನು ಕೊನೆಯಲ್ಲಿ ಹೇಳುವವರು ಕನ್ನಡದಲ್ಲಿ ಈಗಲೂ ಇದ್ದಾರೆ. ಆದರೆ ಹಳೆಯ ಕ್ರಮವು ಹೆಚ್ಚಾಗಿ ಉಳಿದಿರುವುದು ಅಂಕಣಗಳಲ್ಲಿ ಅಲ್ಲ, ಅವುಗಳ ಪಕ್ಕದಲ್ಲಿ ಚಿಕ್ಕಕ್ಷರದಲ್ಲಿ ಬರುವ ವಾಚಕರ ಪತ್ರಗಳಲ್ಲಿ. ಯಾವುದೋ ಊರಿನ ಉಪಾಧ್ಯಾಯನೋ ನಿವೃತ್ತ ಗುಮಾಸ್ತನೋ ಬರೆಯುವ ಪತ್ರವು ಇಂಥ ದಿನದ ಸಂಚಿಕೆಯಲ್ಲಿ ಇಂಥವರು ಹೀಗೆ ಹೇಳಿದ್ದಾರೆಂದು ಆರಂಭವಾಗುತ್ತದೆ. ಎರಡು ವಾಕ್ಯಗಳಲ್ಲಿ ಅವರ ಮಾತನ್ನು ಮರಳಿ ಹೇಳುತ್ತದೆ. ಆಮೇಲೆ ಆದರೆ ಎಂಬ ಮಾತು ಬರುತ್ತದೆ. ಸ್ಥಳವಿಲ್ಲವೆಂದು ಆ ಪತ್ರಗಳನ್ನು ಕತ್ತರಿಸುವಾಗ ಅನೇಕ ವೇಳೆ ಮೊದಲು ಹೋಗುವುದು ಆ ಎರಡು ವಾಕ್ಯಗಳು.